ಬೆಳೆದದ್ದು ನಾನೋ, ನನ್ನ ಪಾತ್ರವೋ?

ಸಂದರ್ಶನಕ್ಕೆ ಬಂದಿದ್ದ ಮೇಡಂ ನನ್ನ ರೆಸ್ಯೂಮೆಯ ಎರಡೂ ಹಾಳೆ ತಿರುವಿ ನೋಡಿದರು. ಆಮೇಲೆ ಅದನ್ನು ಬೋರಲು ಹಾಕಿ ಮೇಜಿನ ಬದಿಗಿಟ್ಟರು. ಒಂದು ಖಾಲಿ ಕಾಗದ, ಪೆನ್ನು ನನ್ನ ಕಡೆ ಸರಿಸಿ, 'ಹತ್ತು ಸಂಖ್ಯೆ ಕೊಟ್ಟಿದ್ದೀನಿ ಅಂದ್ಕೊಳ್ಳಿ. ಅದರಲ್ಲಿ ಯಾವುದು ಎರಡು ಸಲ ಬಂದಿದೆ ಅಂತ ಹುಡುಕೋ ಪ್ರೋಗ್ರಾಂ ಬರೀರಿ. ಯಾವ ಲ್ಯಾಂಗ್ವೇಜ್ ಆದ್ರೂ ಪರವಾಗಿಲ್ಲ' ಎಂದರು.

ನನ್ನ ಸಿಜಿಪಿಎ 8.6. ರೆಸ್ಯೂಮೆಯಲ್ಲಿ ಏಳು ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್ ಇದ್ದವು. ಅವರು ಕೇಳಿದ ಪ್ರೋಗ್ರಾಂ ಎರಡನೇ ಸೆಮಿಸ್ಟರ್ ಲ್ಯಾಬಿನದು. ರೆಕಾರ್ಡ್ ಬುಕ್ಕಿನಲ್ಲಿ ಅದನ್ನು ಬರೆದು ಸಹಿ ಮಾಡಿಸಿಕೊಂಡಿದ್ದೆ. ಹೇಗೆ ಬರೆದಿದ್ದೆ ಎಂಬುದು ಮಾತ್ರ ನನಗೆ ಗೊತ್ತು: ಸೀನಿಯರ್ ಒಬ್ಬರ ರೆಕಾರ್ಡ್ ನೋಡಿ, ಒಂದು ಅಕ್ಷರ ಬಿಡದೆ.

ಹತ್ತು ನಿಮಿಷ ಕೂತೆ. ಒಂದು ಫಾರ್ ಲೂಪ್ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಮೇಡಂ ಬೈಯಲಿಲ್ಲ. 'ಪ್ರಾಕ್ಟೀಸ್ ಮಾಡಿ, ಇನ್ನೂ ಟೈಮ್ ಇದೆ' ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಇದು ಜುಲೈ ಕೊನೆಯ ವಾರದ ಮಾತು. ನಾನು ಕಲಬುರಗಿಯಲ್ಲಿ ಬಿ.ಇ. ಓದುತ್ತಿರುವ ಆಳಂದ ತಾಲ್ಲೂಕಿನ ಹುಡುಗ. ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ನನಗೆ ಲ್ಯಾಪ್‌ಟಾಪ್ ಕೊಡಿಸಿದ್ದಾನೆ. ಸಂಜೆ ಅವನೇ ಫೋನ್ ಮಾಡಿದ. 'ಇನ್ನಾ ರಿಸಲ್ಟ್ ಹೇಳಿಲ್ಲಪಾ' ಎಂದು ಸುಳ್ಳು ಹೇಳಿದೆ. ಶನಿವಾರ ಊರಿಗೆ ಹೋಗುವ ಧೈರ್ಯವಾಗಲಿಲ್ಲ. ಚಿಕ್ಕಮ್ಮನ ಮನೆಗೆಂದು ಅಫಜಲಪುರದ ಬಸ್ ಹತ್ತಿದೆ.

ಹೆಬ್ಬೆರಳಿಗೆ ನೆನಪಿತ್ತು

ಚಿಕ್ಕಮ್ಮನ ಮಗ ಹತ್ತನೇ ಕ್ಲಾಸು. ಹೋದ ತಕ್ಷಣ ಅಟ್ಟದಿಂದ ಒಂದು ಡಬ್ಬಿ ಇಳಿಸಿ ತೋರಿಸಿದ. ಒಳಗೆ ನಮ್ಮ ಹಳೆಯ ಟಿ.ವಿ. ಗೇಮ್! ನಾನು ಐದನೇ ಕ್ಲಾಸಿನಲ್ಲಿದ್ದಾಗ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಹಟ ಮಾಡಿ ಕೊಡಿಸಿಕೊಂಡದ್ದು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಎಣಿಸಿದರೆ ಹತ್ತೋ ಹನ್ನೆರಡೋ ಇದ್ದವು, ಉಳಿದದ್ದೆಲ್ಲ ಅವೇ ಆಟಗಳ ಹೆಸರು ಬದಲಿಸಿದ ಪಟ್ಟಿ. ಆದರೂ ಅದರಲ್ಲಿ ಮಾರಿಯೊ ಇದ್ದ, ಕಾಂಟ್ರಾ ಇತ್ತು. ನಮಗೆ ಅಷ್ಟು ಸಾಕಾಗಿತ್ತು.

ಕಾಂಟ್ರಾ ಹಾಕಿದೆವು. ನಾನು ಆ ರಿಮೋಟ್ ಹಿಡಿದು ಒಂಬತ್ತು ವರ್ಷವಾಗಿತ್ತು. ಮೊದಲ ಹಂತದಲ್ಲಿ ಕಾಡಿನೊಳಗೆ ಓಡುವಾಗ ಸೇತುವೆಯೊಂದು ಬರುತ್ತದಲ್ಲ, ಕಾಲಿಟ್ಟಂತೆ ತುಂಡು ತುಂಡಾಗಿ ಸಿಡಿಯುವುದು? ಅದು ಬರುವ ಮೊದಲೇ ನನ್ನ ಹೆಬ್ಬೆರಳು ಜಂಪ್ ಒತ್ತಿತು. ನಾನು ಯೋಚಿಸಲೇ ಇಲ್ಲ. ಕೊನೆಯ ಗೋಡೆಯ ತನಕ ಒಂದೂ ಜೀವ ಕಳೆದುಕೊಳ್ಳದೆ ಮುಟ್ಟಿದೆ.

'ಅಣ್ಣಾ, ನಿನಗ ಇನ್ನಾ ನೆನಪದಲ್ಲೋ!' ಎಂದ ತಮ್ಮ.

ನೆನಪು ನನಗಿರಲಿಲ್ಲ, ಬೆರಳಿಗಿತ್ತು. ಆಗಲೇ ನನಗೆ ಇನ್ನೊಂದು ಆಟದ ನೆನಪಾದದ್ದು. ಪಿಯುಸಿಯಲ್ಲಿ ಫೋನಿನಲ್ಲಿ ಪೋಕೆಮಾನ್ ಆಡುತ್ತಿದ್ದೆ. ನೂರು ತಾಸಿಗಿಂತ ಹೆಚ್ಚು ಆಡಿ ಆರು ಪ್ರಾಣಿಗಳನ್ನು 60ನೇ ಲೆವೆಲ್ ದಾಟಿಸಿದ್ದೆ. ಒಂದು ದಿನ ಹೊಲದ ಬಾವಿಯಲ್ಲಿ ಫೋನ್ ಬಿತ್ತು. ಹೊಸ ಫೋನಿನಲ್ಲಿ ಆಟ ಹಾಕಿದರೆ ಮತ್ತೆ ಅದೇ ಮನೆ, ಅದೇ ಪ್ರೊಫೆಸರ್, ಅದೇ 5ನೇ ಲೆವೆಲ್ಲಿನ ಮರಿ. ನೂರು ತಾಸಿನ ದುಡಿಮೆ ಫೋನಿನ ಜೊತೆ ಬಾವಿಯಲ್ಲಿತ್ತು.

ಎರಡೂ ಆಟವೇ. ಎರಡರಲ್ಲೂ ನಾನು ಬೆಳೆದೆ ಅಂದುಕೊಂಡಿದ್ದೆ. ಒಂದು ಬೆಳವಣಿಗೆ ಒಂಬತ್ತು ವರ್ಷ ಅಟ್ಟದಲ್ಲಿದ್ದರೂ ಹೋಗಲಿಲ್ಲ. ಇನ್ನೊಂದು ಒಂದೇ ಕ್ಷಣದಲ್ಲಿ ಮುಳುಗಿತು. ಯಾಕೆ?

ಎರಡು ಲೆಕ್ಕದ ಪುಸ್ತಕ

ಆ್ಯಕ್ಷನ್ ಆಟಕ್ಕೂ ರೋಲ್ ಪ್ಲೇಯಿಂಗ್ ಆಟಕ್ಕೂ, ಅಂದರೆ ನಾವು ಆರ್‌ಪಿಜಿ ಎನ್ನುವುದಕ್ಕೂ, ಇರುವ ಮೂಲ ವ್ಯತ್ಯಾಸ ಇದೇ: ಬೆಳವಣಿಗೆಯನ್ನು ಯಾವ ಪುಸ್ತಕದಲ್ಲಿ ಬರೆದಿಡುತ್ತಾರೆ ಎಂಬುದು.

1985ರ 'ಸೂಪರ್ ಮಾರಿಯೊ ಬ್ರೋಸ್' ನೋಡಿ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ಒಟ್ಟು 32. ಮೊದಲ ಹಂತದಲ್ಲಿ ಮಾರಿಯೊ ಎಷ್ಟು ಎತ್ತರ ಹಾರುತ್ತಾನೋ ಕೊನೆಯ ಹಂತದಲ್ಲೂ ಅಷ್ಟೇ. ಅಣಬೆ ತಿಂದು ದೊಡ್ಡವನಾಗುತ್ತಾನೆ, ನಿಜ. ಒಂದು ಏಟು ಬಿದ್ದರೆ ಮತ್ತೆ ಕುಳ್ಳ. ಕಾಂಟ್ರಾದಲ್ಲೂ ಹಾಗೇ. ಐದು ಕಡೆ ಗುಂಡು ಹಾರಿಸುವ ಬಂದೂಕು ಸಿಗುತ್ತದೆ, ಸತ್ತರೆ ಕೈಬಿಡುತ್ತದೆ. ಪಾತ್ರ ಕೊನೆಯವರೆಗೂ ಹೆಚ್ಚು ಕಡಿಮೆ ಅದೇ ಪಾತ್ರ. ಬೆಳೆಯಬೇಕಾದವನು ರಿಮೋಟ್ ಹಿಡಿದವನು.

ಆರ್‌ಪಿಜಿಯ ಬೇರು ಕಂಪ್ಯೂಟರಿನಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಎಂಬ ಆಟ ತಂದರು. ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟ. ಪ್ರತಿಯೊಬ್ಬರ ಪಾತ್ರಕ್ಕೂ ಒಂದು ಹಾಳೆ. ಅದರಲ್ಲಿ ಶಕ್ತಿ ಎಷ್ಟು, ಬುದ್ಧಿ ಎಷ್ಟು ಎಂಬ ಅಂಕ. ಗೆದ್ದಂತೆಲ್ಲ ಅನುಭವದ ಅಂಕ ಕೂಡಿ ಲೆವೆಲ್ ಏರುತ್ತದೆ. ಇವತ್ತು ನಾವು ಎಲ್ಲೆಂದರಲ್ಲಿ ಬಳಸುವ 'ಲೆವೆಲ್ ಅಪ್', 'ಎಕ್ಸ್‌ಪಿ' ಎಂಬ ಮಾತುಗಳಿಗೆ ದಾರಿ ಮಾಡಿದ್ದು ಆ ಹಾಳೆ. ಅಲ್ಲಿಂದ ಅದು ಕಂಪ್ಯೂಟರಿಗೆ ಬಂತು. 1986ರಲ್ಲಿ ಜಪಾನಿನ 'ಡ್ರ್ಯಾಗನ್ ಕ್ವೆಸ್ಟ್', ಮರುವರ್ಷ 'ಫೈನಲ್ ಫ್ಯಾಂಟಸಿ', 1996ರಲ್ಲಿ ಪೋಕೆಮಾನ್.

ಒಂದು ಸಣ್ಣ ಲೆಕ್ಕ ಮಾಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಎದುರಾಳಿಯ ಜೀವ 100 ಎಂದಿಟ್ಟುಕೊಳ್ಳಿ. ನಮ್ಮ ಒಂದು ಏಟಿಗೆ 10 ಕಡಿಮೆಯಾಗುತ್ತದೆ. ಅಂದರೆ ಹತ್ತು ಏಟು ಬೇಕು. ನಾವು ಒಂದು ಏಟು ಹಾಕಿದಾಗಲೆಲ್ಲ ಅವನೂ ಒಂದು ಬೀಸುತ್ತಾನೆ. ಐದು ತಾಗಿದರೆ ನಾವು ಸತ್ತೆವು. ಹೊಸಬನಿಗೆ ಹತ್ತರಲ್ಲಿ ಆರು ತಾಗುತ್ತವೆ. ಸೋಲು ಖಚಿತ.

ಈಗ ಗೆಲ್ಲಲು ಎರಡು ದಾರಿ. ಆರ್‌ಪಿಜಿ ದಾರಿಯಲ್ಲಿ ಸಣ್ಣಪುಟ್ಟ ಶತ್ರುಗಳನ್ನು ಹೊಡೆದು ಲೆವೆಲ್ ಏರಿಸಿ, ಏಟಿನ ಬಲವನ್ನು 20 ಮಾಡಿಕೊಳ್ಳುತ್ತೇವೆ. ಐದೇ ಏಟಿಗೆ ಶತ್ರು ಬೀಳುತ್ತಾನೆ. ಅಷ್ಟರಲ್ಲಿ ನಮಗೆ ತಾಗಿದ್ದು ಐದರಲ್ಲಿ ಮೂರು. ಬದುಕಿದೆವು. ಗಮನಿಸಿ, ಏಟು ತಪ್ಪಿಸಿಕೊಳ್ಳುವುದರಲ್ಲಿ ನಾವು ಮೊದಲಿನಷ್ಟೇ ದಡ್ಡರು. ಆ್ಯಕ್ಷನ್ ದಾರಿಯಲ್ಲಿ ಬಲ 10ರಲ್ಲೇ ಇರುತ್ತದೆ, ಹತ್ತು ಏಟು ಹಾಕಲೇಬೇಕು. ಆದರೆ ಸತ್ತು ಸತ್ತು ಶತ್ರುವಿನ ಕೈ ಯಾವಾಗ ಮೇಲೇಳುತ್ತದೆ ಎಂದು ಕಲಿತಿರುತ್ತೇವೆ. ಹತ್ತರಲ್ಲಿ ಒಂದೇ ತಾಗುತ್ತದೆ.

ಎರಡೂ ಕಡೆ ಪರದೆಯ ಮೇಲೆ ಬರುವುದು ಗೆಲುವೇ. ಆದರೆ ಮೊದಲನೆಯದು ಬರೆದಿರುವುದು ಮಷಿನ್ನಿನಲ್ಲಿ, ಎರಡನೆಯದು ಮೈಯಲ್ಲಿ.

ಹಾಗಂತ ಆರ್‌ಪಿಜಿ ಆಡಿದವನ ಕೈಗೆ ಏನೂ ಉಳಿಯುವುದಿಲ್ಲ ಎನ್ನುವುದೂ ತಪ್ಪು. ಪೋಕೆಮಾನ್ ಎರಡನೇ ಸಲ ಶುರು ಮಾಡಿದಾಗ ನನ್ನ ಮರಿ 5ನೇ ಲೆವೆಲ್ಲಿನಲ್ಲಿದ್ದರೂ ನಾನು ಮೊದಲಿನಷ್ಟು ಎಡವಲಿಲ್ಲ. ಬೆಂಕಿಗೆ ನೀರು, ನೀರಿಗೆ ಗಿಡ ಎಂಬ ಜೋಡಿಗಳು ತಲೆಯಲ್ಲಿದ್ದವು. ಯಾವ ಪ್ರಾಣಿಯ ಮೇಲೆ ಸಮಯ ಹಾಕಬೇಕು, ಯಾವುದರ ಮೇಲೆ ಬೇಡ ಎಂಬ ಆಯ್ಕೆ ಗೊತ್ತಿತ್ತು. ಆರ್‌ಪಿಜಿ ಕಲಿಸುವುದು ಇದನ್ನೇ: ಸೀಮಿತ ಅಂಕವನ್ನು ಎಲ್ಲಿ ಹಾಕಬೇಕೆಂಬ ತೀರ್ಮಾನ. ಅಷ್ಟನ್ನು ನಾವೇ ಯೋಚಿಸಿ ಮಾಡಿದ್ದರೆ ಅದು ನಮ್ಮದಾಗುತ್ತದೆ. ಯಾರದೋ ಯೂಟ್ಯೂಬ್ ವಿಡಿಯೊ ನೋಡಿ ಹಾಗೇ ಹಾಕಿದ್ದರೆ ಅದೂ ಉಳಿಯುವುದಿಲ್ಲ. ನನ್ನ ಲ್ಯಾಬ್ ರೆಕಾರ್ಡಿನ ಹಾಗೆ.

ಪ್ಯಾರಾಚೂಟಿನಿಂದ ಬರಿಗೈಲಿ

ರಾತ್ರಿ ಊಟವಾದ ಮೇಲೆ ತಮ್ಮ ಬಿಜಿಎಂಐ ತೆಗೆದ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಗಿ, 2021ರ ಜುಲೈನಲ್ಲಿ ಈ ಹೆಸರಿನಲ್ಲಿ ಮರಳಿ ಬಂದದ್ದು ನಮಗೆಲ್ಲ ಗೊತ್ತು. ನೂರು ಜನ ವಿಮಾನದಿಂದ ಜಿಗಿಯುತ್ತಾರೆ. ವರ್ಷಗಟ್ಟಲೆ ಆಡಿದವನೂ ನಿನ್ನೆ ಸೇರಿದವನೂ ನೆಲ ಮುಟ್ಟುವಾಗ ಬರಿಗೈ. ಬಂದೂಕನ್ನು ಅಲ್ಲೇ ಹುಡುಕಬೇಕು. ಖಾತೆಯ ಲೆವೆಲ್ ಎಷ್ಟಿದ್ದರೂ ಗುಂಡಿನ ಬಲ ಹೆಚ್ಚುವುದಿಲ್ಲ. ಬ್ರಾಂಜ್‌ನಿಂದ ಕಾಂಕರರ್ ತನಕದ ಶ್ರೇಣಿ ಆಟಗಾರ ಎಂಥವನು ಎಂದು ಅಳೆಯುತ್ತದೆಯೇ ಹೊರತು ಅವನಿಗೆ ಶಕ್ತಿ ಕೊಡುವುದಿಲ್ಲ. ಇದು ಒಳ್ಳೆಯ ಆ್ಯಕ್ಷನ್ ಆಟದ ನ್ಯಾಯ.

'ಎಲ್ಲಾರೂ ಸಮ ಅದಾರ, ಅದಕ್ಕೇ ಈ ಆಟ ಚಂದ' ಎಂದ ತಮ್ಮ. ಅಷ್ಟರಲ್ಲಿ ಅವನ ಫೋನ್ ಗಕ್ಕನೆ ನಿಂತಿತು. ಎರಡು ಸೆಕೆಂಡಿನ ಬಳಿಕ ಪರದೆ ಅಲುಗಾಡಿದಾಗ ಅವನ ಪಾತ್ರ ಸತ್ತು ಬಿದ್ದಿತ್ತು. ಮೂರು ವರ್ಷದ ಹಳೆಯ ಫೋನ್, ಓಣಿಯೊಳಗೆ ಬಾರದ ನೆಟ್‌ವರ್ಕ್. 'ನೋಡ್ ಮತ್, ಸಮ ಎಲ್ಲದಾರ?' ಎಂದೆ. ಇಬ್ಬರೂ ನಕ್ಕೆವು.

ಆದರೆ ಆ ಮಾತು ನನ್ನ ತಲೆಯಲ್ಲಿ ಕೂತಿತು. ಆರ್‌ಪಿಜಿಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಶುರುವಿನಲ್ಲೇ ಯಾರಿಗೆ ಎಷ್ಟು ಬಲ, ಎಷ್ಟು ಚಿನ್ನ ಎಂದು ಹಾಳೆಯಲ್ಲಿ ಬರೆದು ತೋರಿಸುತ್ತದೆ. ಆ್ಯಕ್ಷನ್ ಆಟ ಎಲ್ಲರೂ ಒಂದೇ ಎಂದು ಹೇಳುತ್ತದೆ, ಕೈಯಲ್ಲಿರುವ ಫೋನ್ ಯಾವುದು ಎಂದು ಕೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಿಂದ ಬಂದ ನಾವು ಕ್ಯಾಂಪಸ್ ಸಂದರ್ಶನದಲ್ಲಿ ಬೆಂಗಳೂರಿನವರ ಪಕ್ಕದಲ್ಲಿ ಕೂತಾಗ ಇಂಗ್ಲಿಷಿನಲ್ಲಿ ಅರ್ಧ ಸೆಕೆಂಡ್ ತಡವರಿಸುತ್ತೇವಲ್ಲ, ಅದು ನಮ್ಮ ನೆಟ್‌ವರ್ಕ್ ಸಮಸ್ಯೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ತಂದು 371(ಜೆ) ವಿಧಿ ಸೇರಿಸಿದ್ದು, 2013ರಿಂದ ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಬಂದದ್ದು ಶುರುವಿನ ಹಾಳೆ ಸಮವಿಲ್ಲ ಎಂದು ಒಪ್ಪಿಕೊಂಡದ್ದರಿಂದಲೇ. ಅದರ ಲಾಭ ಪಡೆಯಲು ನಾಚಿಕೆ ಬೇಕಿಲ್ಲ. ಆದರೆ ಅದು ಬಾಗಿಲ ತನಕ ಕರೆದೊಯ್ಯುತ್ತದೆ. ಒಳಗೆ ಖಾಲಿ ಕಾಗದ ಸರಿಸಿದಾಗ ಬರೆಯಬೇಕಾದ ಕೈ ನಮ್ಮದೇ.

ಅಕ್ಕನ ಎತ್ತರ, ಏರುವ ಕಟ್ಆಫ್

ಮರುವಾರ ಪಂಚಮಿ. ಅಕ್ಕನನ್ನು ತವರಿಗೆ ಕರೆತರಲು ಜೇವರ್ಗಿಗೆ ಹೋದೆ. ಅಲ್ಲಿ ಅವಳನ್ನು ಕೊಟ್ಟು ನಾಲ್ಕು ವರ್ಷ. ಬಿ.ಎ. ಮುಗಿಸಿದ್ದಾಳೆ. ಸರ್ಕಾರಿ ನೌಕರಿಯ ಪರೀಕ್ಷೆಗೆ ಮೂರು ವರ್ಷದಿಂದ ಓದುತ್ತಿದ್ದಾಳೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮನೆಯವರು ಏಳುವ ತನಕ, ರಾತ್ರಿ ಭಾಂಡೆ ತೊಳೆದ ಮೇಲೆ ಮತ್ತೆ ಒಂದು ತಾಸು.

ಬಸ್ಸು ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಕೆಳಗೆ ಭೀಮಾ ಕೆಂಪಾಗಿ ಹರಿಯುತ್ತಿದ್ದಳು. ಅಕ್ಕ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ಓದತೊಡಗಿದಳು. ಅವಳಿಗೆ ಮಾತ್ರ ನಾನು ಸಂದರ್ಶನದ ಕಥೆ ಹೇಳಿದೆ. ಆಟದ ಕಥೆಯನ್ನೂ ಹೇಳಿದೆ.

ಡ್ರ್ಯಾಗನ್ ಕ್ವೆಸ್ಟ್‌ನ ಒಂದು ನಿಯಮ ಅವಳಿಗೆ ಬಹಳ ಹಿಡಿಸಿತು. ಆ ಆಟದಲ್ಲಿ ಸತ್ತರೆ ಕೈಯಲ್ಲಿದ್ದ ಚಿನ್ನದಲ್ಲಿ ಅರ್ಧ ಹೋಗುತ್ತದೆ. ಆದರೆ ಗಳಿಸಿದ ಅನುಭವದ ಅಂಕ ಒಂದೂ ಹೋಗುವುದಿಲ್ಲ. ಚುರುಕು ಬೆರಳು ಇಲ್ಲದವನೂ ತಾಳ್ಮೆ ಇದ್ದರೆ ಕೊನೆ ಮುಟ್ಟಬಹುದು. ಆರ್‌ಪಿಜಿಯ ದೊಡ್ಡ ಗುಣ ಇದೇ. ದಿನಕ್ಕೆ ಸ್ವಲ್ಪ ಸ್ವಲ್ಪ ಕೂಡಿಸುವವರ ಆಟ ಅದು.

'ಹಂಗಾರ ನಂದು ಆ ಆಟ' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರ ತಮ್ಮಾ, ಹ್ವಾದ ಸಲ ಕಟ್ಆಫ್ ಎಷ್ಟಿತ್ತೋ ಈ ಸಲ ನನಗ ಅಷ್ಟೇ ಅಂಕ ಬಂದಾವ. ಈ ಸಲ ಕಟ್ಆಫೇ ಮ್ಯಾಲ ಹೋಗ್ಯಾದ. ಇದು ಯಾವ ಆಟ?' ಎಂದು ಕೇಳಿದಳು.

ಅದಕ್ಕೂ ಆಟದ ಲೋಕದಲ್ಲಿ ಒಂದು ಉದಾಹರಣೆ ಇದೆ. 2006ರಲ್ಲಿ ಬಂದ 'ಆಬ್ಲಿವಿಯನ್' ಎಂಬ ಆರ್‌ಪಿಜಿಯಲ್ಲಿ ನಮ್ಮ ಲೆವೆಲ್ ಏರಿದಂತೆ ಶತ್ರುಗಳ ಬಲವೂ ಏರುತ್ತದೆ. ಶುರುವಿನಲ್ಲಿ ಹರಕು ಚರ್ಮದ ಅಂಗಿ ತೊಟ್ಟ ದಾರಿಗಳ್ಳರು ಕೊನೆಕೊನೆಗೆ ದುಬಾರಿ ಗಾಜಿನ ಕವಚ ತೊಟ್ಟು ನಿಲ್ಲುತ್ತಾರೆ. ಅಲ್ಲಿ ಯುದ್ಧಕ್ಕೆ ಬೇಕಿಲ್ಲದ ಕೌಶಲ್ಯಗಳಿಂದ ಲೆವೆಲ್ ಏರಿಸಿಕೊಂಡರೆ ನಾವು ಬೆಳೆದಂತೆ ಕಂಡರೂ ಲೆಕ್ಕದಲ್ಲಿ ದುರ್ಬಲರಾಗುತ್ತೇವೆ. ಎದುರಾಳಿ ನಮ್ಮ ಲೆವೆಲ್ ನೋಡುತ್ತಾನೆ, ನಮ್ಮ ಕತ್ತಿಯನ್ನಲ್ಲ. ಆಟಗಾರರು ಇದನ್ನು ಬಹಳ ಬೈದರು.

ಅದರ ಜೊತೆಗೆ ಇನ್ನೊಂದು ಲೆಕ್ಕ. ಪೋಕೆಮಾನ್‌ನ ಒಂದು ಗುಂಪಿನಲ್ಲಿ ಒಂದು ಲೆವೆಲ್ ಮುಟ್ಟಲು ಬೇಕಾದ ಒಟ್ಟು ಅನುಭವ ಎಂದರೆ ಆ ಲೆವೆಲ್ಲಿನ ಘನ. 10ನೇ ಲೆವೆಲ್ಲಿಗೆ 1,000, 50ಕ್ಕೆ 1,25,000, 100ಕ್ಕೆ 10 ಲಕ್ಷ. 10ರಿಂದ 11ಕ್ಕೆ ಹೋಗಲು 331 ಅಂಕ ಸಾಕು, 99ರಿಂದ 100ಕ್ಕೆ 29,701 ಬೇಕು. 50 ಮುಟ್ಟಿದವನು ಅರ್ಧ ದಾರಿ ಬಂದೆ ಅಂದುಕೊಳ್ಳುತ್ತಾನೆ, ನಿಜದಲ್ಲಿ ಎಂಟರಲ್ಲಿ ಒಂದು ಪಾಲು ಬಂದಿರುತ್ತಾನೆ. ಕಟ್ಆಫ್ ಹತ್ತಿರದ ಕೊನೆಯ ಎರಡು ಅಂಕ ಯಾಕೆ ಅಷ್ಟು ಕಷ್ಟ ಎಂದು ಇದರಿಂದ ನನಗೆ ಅರ್ಥವಾಯಿತು. ಅಕ್ಕ ನಿಂತಲ್ಲೇ ನಿಂತಿಲ್ಲ. ಅವಳೀಗ ಏರುತ್ತಿರುವುದು ಕೊನೆಯ ಕಡಿದಾದ ಮೆಟ್ಟಿಲು.

ಅವಳ ನೋಟ್‌ಬುಕ್ ಇಸಿದುಕೊಂಡು ನೋಡಿದೆ. ಒಂದೊಂದು ಹಾಳೆಯಲ್ಲೂ ಹಿಂದಿನ ಪರೀಕ್ಷೆಯಲ್ಲಿ ತಾನು ತಪ್ಪಿದ ಪ್ರಶ್ನೆ, ಯಾಕೆ ತಪ್ಪಿದೆ ಎಂಬ ಒಂದು ಸಾಲು, ಗಡಿಯಾರ ಇಟ್ಟುಕೊಂಡು ಬಿಡಿಸಿದ ಸಮಯ. ನಾನು ಆರ್‌ಪಿಜಿ ಎಂದು ಕರೆದದ್ದರೊಳಗೆ ಅವಳು ಕಾಂಟ್ರಾ ಆಡುತ್ತಿದ್ದಳು. ಪುಸ್ತಕದ ಮೇಲೆ ಪುಸ್ತಕ ಓದಿ ಲೆವೆಲ್ ಏರಿಸುವುದನ್ನು ಬಿಟ್ಟು, ತಾನು ಪ್ರತಿ ಸಲ ಸಾಯುವ ಜಾಗ ಯಾವುದೆಂದು ಗುರುತು ಹಾಕಿಕೊಂಡಿದ್ದಳು. ಏಳು ಸರ್ಟಿಫಿಕೇಟ್ ಇರುವ ನನ್ನ ಬಳಿ ಅಂಥ ಒಂದು ಹಾಳೆಯೂ ಇರಲಿಲ್ಲ.

ಮಾತು ಕೇಳದ ಪೋಕೆಮಾನ್

ಪೋಕೆಮಾನ್ ಆಡಿದವರಿಗೆ ಇದು ನೆನಪಿರಬಹುದು. ಗೆಳೆಯನಿಂದ ದೊಡ್ಡ ಲೆವೆಲ್ಲಿನ ಪ್ರಾಣಿಯೊಂದನ್ನು ಬದಲಿಗೆ ಪಡೆಯಬಹುದು. ಆದರೆ ನಮ್ಮ ಬಳಿ ತಕ್ಕ ಬ್ಯಾಡ್ಜ್ ಇಲ್ಲದಿದ್ದರೆ ಅದು ನಮ್ಮ ಮಾತು ಕೇಳುವುದಿಲ್ಲ. ಯುದ್ಧದ ನಡುವೆ ಹೊಡಿ ಎಂದರೆ ನಿದ್ದೆ ಮಾಡುತ್ತದೆ. ನನ್ನ ರೆಸ್ಯೂಮೆ ಅಂಥದ್ದೇ. ಒಳಗಿದ್ದ ಕೋರ್ಸುಗಳ ಉತ್ತರ ಬೇರೆ ಕಡೆಯದು, ಪ್ರಾಜೆಕ್ಟಿನ ಕೋಡ್ ಇಂಟರ್‌ನೆಟ್ಟಿನದು. ಲೆವೆಲ್ ದೊಡ್ಡದಿತ್ತು, ಬೇಕಾದಾಗ ನನ್ನ ಮಾತು ಕೇಳಲಿಲ್ಲ.

ಇದರ ತದ್ವಿರುದ್ಧ ಒಂದು ಉದಾಹರಣೆ ನನ್ನ ಹಾಸ್ಟೆಲ್ಲಿನಲ್ಲೇ ಇದೆ. 2011ರ 'ಡಾರ್ಕ್ ಸೋಲ್ಸ್' ಎಂಬ ಆಟವನ್ನು ಗೆಳೆಯನೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ಆಡುತ್ತಾನೆ. ಅದರಲ್ಲಿ ಆರ್‌ಪಿಜಿಯ ಹಾಗೆ ಲೆವೆಲ್ ಇದೆ, ಆ್ಯಕ್ಷನ್ ಆಟದ ಹಾಗೆ ಏಟು ತಪ್ಪಿಸಿಕೊಳ್ಳುವ ಕೆಲಸವೂ ಇದೆ. ಸತ್ತರೆ ಗಳಿಸಿದ್ದೆಲ್ಲ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಮತ್ತೆ ಅಲ್ಲಿಗೇ ಹೋಗಿ ಮುಟ್ಟಿದರೆ ವಾಪಸ್, ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಶಾಶ್ವತವಾಗಿ ಹೋಯಿತು. ಈ ಆಟವನ್ನು 1ನೇ ಲೆವೆಲ್ಲಿನಲ್ಲೇ ಇದ್ದು, ಒಂದೂ ಲೆವೆಲ್ ಏರಿಸದೆ ಮುಗಿಸಿದವರು ಪ್ರಪಂಚದಲ್ಲಿ ಬೇಕಾದಷ್ಟು ಜನರಿದ್ದಾರೆ. ಹಾಳೆಯಲ್ಲಿ ಅವರ ಪಾತ್ರ ಸೊನ್ನೆ. ಕೈಯಲ್ಲಿ ಎಲ್ಲ ಇದೆ.

ಈಗಿನ ಆಟಗಳಲ್ಲಿ ಎರಡೂ ಬಗೆ ಬೆರೆತಿವೆ. 2004ರ 'ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್'ನಲ್ಲೇ ನಾಯಕ ಜಿಮ್ಮಿಗೆ ಹೋದರೆ ಮೈ ಬಲಿಯುತ್ತಿತ್ತು, ಗಾಡಿ ಓಡಿಸಿದಷ್ಟೂ ಓಡಿಸುವ ಅಂಕ ಏರುತ್ತಿತ್ತು. ನಮ್ಮ ಆಳಂದದ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಸಂಗಮ ದಾಟಿದ ಮೇಲೆ ಇದು ಆ ನೀರು, ಇದು ಈ ನೀರು ಎಂದು ಬೇರೆ ಮಾಡಲಾಗದು. ಆಟಗಳೂ ಈಗ ಹಾಗೇ, ನೌಕರಿಯ ಲೋಕವೂ ಹಾಗೇ. ಅರ್ಜಿ ಹಾಕಲು ಇಷ್ಟು ಶೇಕಡಾ ಬೇಕು ಎನ್ನುತ್ತಾರೆ, ಅದು ಆರ್‌ಪಿಜಿ. ಅದಿಲ್ಲದೆ ಬಾಗಿಲು ತೆರೆಯುವುದಿಲ್ಲ. ಅಂಕ ಬೇಡ, ಸ್ಕಿಲ್ ಇದ್ದರೆ ಸಾಕು ಎಂದು ವಿಡಿಯೊ ಮಾಡುವವರ ಮಾತು ನಂಬಿ ಬ್ಯಾಕ್‌ಲಾಗ್ ಉಳಿಸಿಕೊಂಡ ಗೆಳೆಯರು ನನಗಿದ್ದಾರೆ. ಬಾಗಿಲು ದಾಟಿದ ಮೇಲೆ ಮಾತ್ರ ಆ್ಯಕ್ಷನ್ ಆಟ. ನಾನು ಬಾಗಿಲ ತನಕದ ಆಟವನ್ನಷ್ಟೇ ಆಡಿದ್ದೆ.

ಈ ವ್ಯತ್ಯಾಸ ತಿಳಿದು ಲೆಕ್ಕ ಹಾಕುವುದೇ ಒಂದು ಉದ್ಯೋಗ ಎನ್ನುವುದನ್ನೂ ಇಲ್ಲಿ ಹೇಳಬೇಕು. ಶತ್ರುವಿಗೆ ಎಷ್ಟು ಜೀವ, ಯಾವ ಲೆವೆಲ್ಲಿಗೆ ಎಷ್ಟು ಅಂಕ ಎಂದು ಕೂತು ತೂಗುವವರು ಗೇಮ್ ಡಿಸೈನರ್‌ಗಳು. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾಗಿತ್ತು. 2019ರಲ್ಲಿ ಜಿಟಿಎ ತಯಾರಿಸುವ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ನೀತಿ ತಂದಿತ್ತು. ಆಟ ಆಡುವುದು ಬೇರೆ, ಮಾಡುವುದು ಬೇರೆ. ಮಾಡುವುದಕ್ಕೆ ಬೇಕಾದದ್ದು ಗಣಿತ, ಸಂಭವನೀಯತೆ, ಮತ್ತು ಖಾಲಿ ಪರದೆಯ ಮೇಲೆ ತಾನೇ ಬರೆಯಬಲ್ಲ ಕೈ.

ಕುಡಿ ಚೂಟಿದ ದಿನ

ಪಂಚಮಿಯ ಮರುದಿನ ಅಪ್ಪನ ಜೊತೆ ಹೊಲಕ್ಕೆ ಹೋದೆ. ಮನೆಯಲ್ಲಿ ಅಕ್ಕ, ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದರು. ತೊಗರಿ ಮೊಣಕಾಲಿನ ಮೇಲೆ ಬಂದಿತ್ತು. ಅಪ್ಪ ಸಾಲು ಹಿಡಿದು ಗಿಡದ ತುದಿಯ ಕುಡಿ ಚೂಟುತ್ತಾ ನಡೆದ. ನಾನೂ ಪಕ್ಕದ ಸಾಲು ಹಿಡಿದೆ. ಅರ್ಧ ಸಾಲು ಮುಗಿಯುವ ಹೊತ್ತಿಗೆ ಎಲ್ಲ ಹೇಳಿಬಿಟ್ಟೆ. ರಿಸಲ್ಟ್ ಅವತ್ತೇ ಗೊತ್ತಾಗಿತ್ತು, ಖಾಲಿ ಕಾಗದದ ಮೇಲೆ ಬರೆಯಲು ಬರಲಿಲ್ಲ, ಲ್ಯಾಬ್ ರೆಕಾರ್ಡ್ ನಕಲು ಮಾಡಿದ್ದೆ.

ಅಪ್ಪ ಕೈ ನಿಲ್ಲಿಸಲಿಲ್ಲ. 'ಬರಿಯಕ್ಕ ಬರ್ಲಿಲ್ಲಂದ್ರ ಕಲಿ. ಅದಕ್ಯಾಕ ಸುಳ್ಳ ಹೇಳ್ದಿ?' ಎಂದ. ಅಷ್ಟೇ.

ಸ್ವಲ್ಪ ಮುಂದೆ ಹೋದ ಮೇಲೆ, ಮಾತು ಬದಲಿಸಲೆಂದು ನಾನೇ ಕೇಳಿದೆ: 'ಅಪ್ಪಾ, ಚಂದ ಬೆಳೆದದ್ದು ಯಾಕ ಚೂಟ್ತೀವಿ?'

'ಚೂಟ್ಲಿಲ್ಲಂದ್ರ ಮ್ಯಾಲ ಮ್ಯಾಲ ಒಂದೇ ಹೋಗ್ತದ. ನೋಡ್ಲಕ್ಕ ಎತ್ತರ ಕಾಣಸ್ತದ, ಕಾಯಿ ಹಿಡಿಯಲ್ಲ. ಚೂಟಿದ್ರ ಬಾಜೂಕ ಟೊಂಗಿ ಒಡೀತದ.'

ನಾನು 8.6ರ ಬಗ್ಗೆ ಯೋಚಿಸುತ್ತಾ ಸಾಲು ಮುಗಿಸಿದೆ.

ಆ ರಾತ್ರಿ ಅಕ್ಕನ ಹಾಗೆ ಒಂದು ನೋಟ್‌ಬುಕ್ ಮಾಡಿದೆ. ಮೊದಲ ಪುಟದಲ್ಲಿ ನಾನು ಸತ್ತ ಜಾಗ: ಹತ್ತು ಸಂಖ್ಯೆಗಳಲ್ಲಿ ಎರಡು ಸಲ ಬಂದದ್ದನ್ನು ಹುಡುಕುವುದು. ಫೋನ್ ಬೇರೆ ಕೋಣೆಯಲ್ಲಿಟ್ಟು, ಕಾಗದದ ಮೇಲೆ ಬರೆಯತೊಡಗಿದೆ. ಮೊದಲ ದಿನ 40 ನಿಮಿಷ ಹಿಡಿಯಿತು, ಅದರಲ್ಲೂ ಎರಡು ತಪ್ಪು. ಆಮೇಲೆ ಮೇಲೆ ಹೇಳಿದೆನಲ್ಲ, ಹತ್ತು ಏಟಿನ ಲೆಕ್ಕ, ಅದನ್ನೇ ಪ್ರೋಗ್ರಾಂ ಮಾಡಿದೆ. ಎರಡು ಪಾತ್ರ. ಒಂದಕ್ಕೆ ಲೆವೆಲ್ ಏರುತ್ತದೆ, ಇನ್ನೊಂದಕ್ಕೆ ತಪ್ಪಿಸಿಕೊಳ್ಳುವ ಸಾಧ್ಯತೆ ಏರುತ್ತದೆ. ಸಾವಿರ ಸಲ ಕಾದಾಡಿಸಿ ಯಾರು ಎಷ್ಟು ಗೆದ್ದರು ಎಂದು ಎಣಿಸುತ್ತದೆ. ಬಹಳ ಸಣ್ಣ ಪ್ರೋಗ್ರಾಂ. ಆದರೆ ಅದರ ಒಂದೊಂದು ಸಾಲು ಯಾಕೆ ಅಲ್ಲಿದೆ ಎಂದು ಯಾರು ಕೇಳಿದರೂ ಹೇಳಬಲ್ಲೆ. ರೆಸ್ಯೂಮೆಯಿಂದ ಐದು ಸರ್ಟಿಫಿಕೇಟ್ ತೆಗೆದು ಆ ಜಾಗದಲ್ಲಿ ಇದನ್ನು ಹಾಕಿದ್ದೇನೆ.

ನನ್ನ ಹಾಗೆ ಓದುತ್ತಿರುವ, ನೌಕರಿ ಹುಡುಕುತ್ತಿರುವ ಗೆಳೆಯರು ಒಮ್ಮೆ ತಮ್ಮ ರೆಸ್ಯೂಮೆಯನ್ನು ತಾವೇ ಬೋರಲು ಹಾಕಿ ಖಾಲಿ ಕಾಗದದ ಮುಂದೆ ಕೂತು ನೋಡಬೇಕು ಎಂಬುದಷ್ಟೇ ನನ್ನ ಮನವಿ. ಮೇಡಂ ಹಾಕುವುದಕ್ಕಿಂತ ಮೊದಲು. ಏನು ಉಳಿಯುತ್ತದೋ ಅದು ನಮ್ಮದು. ಕಡಿಮೆ ಉಳಿದರೆ ಗಾಬರಿ ಬೇಡ. ಸತ್ತ ಜಾಗ ಗೊತ್ತಾಯಿತಲ್ಲ, ಅಲ್ಲಿಗೇ ವಾಪಸ್ ಹೋಗಿ ಎತ್ತಿಕೊಳ್ಳಬಹುದು.

ಮುಂದಿನ ಸಂದರ್ಶನ ಯಾವಾಗ ಎಂದು ಕಾಲೇಜಿನಲ್ಲಿ ಇನ್ನೂ ಹೇಳಿಲ್ಲ. ಈ ಸಲ ಅಪ್ಪನಿಗೆ ಇದೇ ಮಾತು ಹೇಳಿದ್ದೇನೆ, ಇದು ನಿಜ. ಆ ಹತ್ತು ಸಂಖ್ಯೆಯ ಪ್ರೋಗ್ರಾಂ ಮೊನ್ನೆ ಹನ್ನೆರಡು ನಿಮಿಷ ಹಿಡಿದಿತ್ತು. ನಿನ್ನೆ ಎಂಟು.